ಹಳೆಯ ಕಾರಿನ ಬ್ಯಾಟರಿ ನಾಲ್ಕೇ ದಿನಕ್ಕೆ ಬರಿದಾಗುತ್ತಿದೆ: ದೋಷ ಎಲ್ಲಿದೆಯೆಂದು ಹುಡುಕುವುದು ಹೇಗೆ?

ಮುಲುಂಡ್_ಪೂರ್ವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

2009ರಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರೊಂದು ನಮ್ಮಲ್ಲಿದೆ. ಹದಿನೈದು ವರ್ಷದ ನೋಂದಣಿ ಮುಗಿದ ಮೇಲೆ ಆರ್‌ಟಿಒ ಕಚೇರಿಗೆ ಅಲೆದು, ಫಿಟ್‌ನೆಸ್ ಮಾಡಿಸಿ, ಇನ್ನೂ ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದೇನೆ. ಆದ್ದರಿಂದ ‘ಮಾರಿಬಿಡಿ’ ಎಂಬುದೊಂದನ್ನು ಬಿಟ್ಟು ಉಳಿದ ಯಾವ ಸಲಹೆಗೂ ಸ್ವಾಗತವಿದೆ. ವಾರದ ದಿನಗಳಲ್ಲಿ ನಾನು ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುವುದರಿಂದ ಕಾರು ಸೊಸೈಟಿಯ ಅಂಗಳದಲ್ಲಿ, ಸೂರಿಲ್ಲದ ಜಾಗದಲ್ಲಿ ನಿಂತಿರುತ್ತದೆ. ಭಾನುವಾರ ಬೆಳಿಗ್ಗೆ ಮಾವನವರನ್ನು ಕೂರಿಸಿಕೊಂಡು ಮಾಟುಂಗಾ ಮಾರುಕಟ್ಟೆಗೆ ಹೋಗಿ ಬಾಳೆಎಲೆ, ಮಂಗಳೂರು ಸೌತೆ, ಕಾಫಿಪುಡಿ ಕೊಂಡು ಬರುವುದು, ವರ್ಷಕ್ಕೊಮ್ಮೆ ಕುಂದಾಪುರದ ಕಡೆಗೆ ಊರಿಗೆ ಹೋಗಿ ಬರುವುದು, ಇಷ್ಟೇ ಅದರ ಓಡಾಟ.

ತೊಂದರೆ ಹೀಗಿದೆ. ನಾಲ್ಕು ವರ್ಷ ಬಾಳಿದ ಹಳೆಯ ಬ್ಯಾಟರಿ ಕಳೆದ ವರ್ಷದ ಮಳೆಗಾಲದಲ್ಲಿ ಕೈಕೊಟ್ಟಿತು. ಹತ್ತಿರದ ಗ್ಯಾರೇಜಿನವರು ಬಂದು ಬೇರೆ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡಿದರು. ಇಂಜಿನ್ ಓಡುತ್ತಿದ್ದಂತೆಯೇ ನಮ್ಮ ಬ್ಯಾಟರಿಯ ಒಂದು ಟರ್ಮಿನಲನ್ನು ಬಿಚ್ಚಿ, “ನೋಡಿ, ಇಂಜಿನ್ ನಿಲ್ಲಲಿಲ್ಲ, ಡೈನಮೊ ಸರಿಯಿದೆ, ಬ್ಯಾಟರಿ ಮಾತ್ರ ಹೋಗಿದೆ” ಎಂದು ಹೇಳಿ 35 ಎಎಚ್‌ನ (ಆಂಪಿಯರ್-ಗಂಟೆ, ಅಂದರೆ ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆಂಬ ಅಳತೆ) ಹೊಸದನ್ನು ಕೂರಿಸಿದರು. ಅದು ಐದೇ ತಿಂಗಳಲ್ಲಿ ಸತ್ತಿತು. ವಾರಂಟಿಯಲ್ಲಿ ಬದಲಿ ಕೊಟ್ಟರು. ಈಗ ಅದೂ ಅದೇ ದಾರಿ ಹಿಡಿದಿದೆ: ಭಾನುವಾರ ಸಂಜೆ ನಿಲ್ಲಿಸಿದ ಕಾರಿಗೆ ಗುರುವಾರ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಆರುತ್ತವೆ. ವಾಚ್‌ಮನ್ ಮತ್ತು ಹಾಲಿನ ಹುಡುಗ ಸೇರಿ ತಳ್ಳಿದರೆ ಎರಡನೆಯ ಗೇರಿನಲ್ಲಿ ಹೊತ್ತಿಕೊಳ್ಳುತ್ತದೆ.

ಕಳೆದ ಭಾನುವಾರ ಗ್ಯಾರೇಜಿನವರು ಇಂಜಿನ್ ಓಡುವಾಗ ಮೀಟರ್ ಹಿಡಿದು 14.1 ವೋಲ್ಟ್ ತೋರಿಸಿ, ಚಾರ್ಜಿಂಗ್ ಸರಿಯಾಗಿಯೇ ಇದೆ, ನೀವು ಗಾಡಿ ಓಡಿಸುವುದೇ ಕಡಿಮೆ, ಬ್ಯಾಟರಿಯನ್ನು ಮತ್ತೆ ಬದಲಿಸಿ ಎಂದರು. ಮೂರನೆಯ ಬ್ಯಾಟರಿ ಕೊಳ್ಳುವ ಮುನ್ನ ಕಾರಣವನ್ನು ನಾನೇ ಕಂಡುಕೊಳ್ಳಲು ಸಾಧ್ಯವೇ? ಸ್ಪ್ಯಾನರ್ ಹಿಡಿಯಬಲ್ಲೆ, ವಿದ್ಯುತ್ತಿನ ಬಗ್ಗೆ ಹೈಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಹೆಚ್ಚೇನೂ ತಿಳಿಯದು.

ಕೊತ್ರೂಡ್_ತರಂಗ

ಮಾನ್ಯರೇ, ನಾನು ಪುಣೆಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಕೆಲಸ ಮಾಡುವವಳು, ಮೆಕ್ಯಾನಿಕ್ ಅಲ್ಲ. ಆದರೆ ನಿಮ್ಮದು ಅಳೆದು ತಿಳಿಯಬೇಕಾದ ಸಮಸ್ಯೆ, ಊಹಿಸಿ ತಿಳಿಯುವಂಥದ್ದಲ್ಲ. ಬ್ಯಾಟರಿ ಸತ್ತಿತೆಂದರೆ ಅದು ತಾನಾಗಿ ಕೆಟ್ಟಿರಬಹುದು, ಅದಕ್ಕೆ ಸಾಕಷ್ಟು ತುಂಬುತ್ತಿಲ್ಲದಿರಬಹುದು, ಅಥವಾ ತುಂಬಿದ್ದು ರಾತ್ರಿಯೆಲ್ಲ ಸೋರಿಹೋಗುತ್ತಿರಬಹುದು. ನಿಮ್ಮ ಗ್ಯಾರೇಜಿನವರು ಎರಡನೆಯದನ್ನು ಮಾತ್ರ ಅರ್ಧಂಬರ್ಧ ನೋಡಿದ್ದಾರೆ. ಮೂರನೆಯದನ್ನು ನೋಡಿಯೇ ಇಲ್ಲ. ಒಂದೇ ಕಾರಿನಲ್ಲಿ ಎರಡು ಹೊಸ ಬ್ಯಾಟರಿಗಳು ಒಂದೇ ರೀತಿ ಬರಿದಾಗಿರುವಾಗ ನನ್ನ ಅನುಮಾನವೆಲ್ಲ ಸೋರಿಕೆಯ ಮೇಲೆಯೇ.

ಒಂದು ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ಲ್ಯಾಮಿಂಗ್ಟನ್ ರಸ್ತೆಯವರೆಗೆ ಹೋಗಬೇಕೆಂದಿಲ್ಲ, ಆದರೆ ಅಲ್ಲಿ ಆಯ್ಕೆ ಹೆಚ್ಚು. 10 ಆಂಪಿಯರ್ ಅಳೆಯುವ ಪ್ರತ್ಯೇಕ ರಂಧ್ರವಿರುವುದನ್ನೇ ನೋಡಿ ತನ್ನಿ.

ಮೊದಲು ವೋಲ್ಟೇಜ್ ನೋಡೋಣ. ಬ್ಯಾಟರಿಯನ್ನು ಚಾರ್ಜರಿಗೆ ಹಾಕಿಸಿ ಪೂರ್ತಿ ತುಂಬಿಸಿ. 35 ಎಎಚ್ ಬ್ಯಾಟರಿಗೆ ಸುಮಾರು 3.5 ಆಂಪಿಯರ್‌ನಂತೆ ಹತ್ತು ಹನ್ನೆರಡು ಗಂಟೆ ನಿಧಾನವಾಗಿ ಹಿಡಿಸುವುದು ಒಳ್ಳೆಯದು. ಅವಸರದಲ್ಲಿ ಒಂದೆರಡು ಗಂಟೆಯಲ್ಲಿ ತುಂಬಿಸಿ ಕೊಟ್ಟದ್ದು ತುಂಬಿದಂತಲ್ಲ. ಅನಂತರ ಟರ್ಮಿನಲ್ ಜೋಡಿಸದೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚಿದ್ದರೆ ಪೂರ್ತಿ ತುಂಬಿದೆ; 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0ರ ಸುಮಾರಿದ್ದರೆ ಕಾಲು ಭಾಗ ಮಾತ್ರ ಉಳಿದಿದೆ ಎಂದು ತಿಳಿಯಿರಿ. ಬ್ಯಾಟರಿಯೊಳಗೆ 2 ವೋಲ್ಟಿನ ಆಸುಪಾಸಿನ ಆರು ಕೋಶಗಳಿರುವುದರಿಂದ, ಎಷ್ಟು ಚಾರ್ಜ್ ಮಾಡಿದರೂ 10.5ರ ಹತ್ತಿರವೇ ನಿಲ್ಲುವುದಾದರೆ ಒಂದು ಕೋಶ ಸತ್ತಿದೆ ಎಂದರ್ಥ. ಕಾರು ನಿಲ್ಲಿಸಿದ ತಕ್ಷಣ ಅಳೆದರೆ ಫಲಕಗಳ ಮೇಲ್ಮೈಯಲ್ಲಿ ನಿಂತ ಚಾರ್ಜಿನಿಂದಾಗಿ 12.9 ಎಂದೆಲ್ಲ ತೋರಿಸಿ ಮೋಸ ಮಾಡುತ್ತದೆ, ಅದನ್ನು ನಂಬಬೇಡಿ. ಹಾಗೆಯೇ, ಬ್ಯಾಟರಿಯ ಮೇಲಿನ ಹಸಿರು ಕಣ್ಣನ್ನೂ ಪೂರ್ತಿ ನಂಬಬೇಡಿ. ಅದು ಆರು ಕೋಶಗಳ ಪೈಕಿ ಒಂದರ ಸಮಾಚಾರವನ್ನು ಮಾತ್ರ ಹೇಳುತ್ತದೆ.

ಸೆಲ್ಫ್ ಹೊಡೆಯುವಾಗ ಮನೆಯವರೊಬ್ಬರು ಮೀಟರ್ ನೋಡುತ್ತಿರಲಿ. 9.6 ವೋಲ್ಟಿಗಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿಗೆ ಇನ್ನೂ ಜೀವವಿದೆ.

ಈಗ ಸೋರಿಕೆಗೆ ಬರೋಣ, ಇದನ್ನು ಸಾವಧಾನವಾಗಿ ಓದಿ. ಕೀಲಿ ತೆಗೆದ ಮೇಲೂ ಗಡಿಯಾರ, ರೇಡಿಯೊದ ನೆನಪು, ಕಳ್ಳತನ ತಡೆಯುವ ಸಾಧನ ಇವೆಲ್ಲ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತವೆ. ನಿಮ್ಮಂಥ ಕಾರಿನಲ್ಲಿ ಅದು 20ರಿಂದ 50 ಮಿಲಿಆಂಪಿಯರ್ ಒಳಗಿರಬೇಕು. 50 ಎಂದೇ ಹಿಡಿದರೂ ದಿನಕ್ಕೆ 1.2 ಎಎಚ್ ಆಯಿತು. ಎರಡು ವಾರ ನಿಂತರೂ ಅರ್ಧದಷ್ಟು ಉಳಿದು ಕಾರು ಸ್ಟಾರ್ಟ್ ಆಗಬೇಕು. ನಿಮ್ಮದು ನಾಲ್ಕು ದಿನಕ್ಕೆ ಮಲಗುತ್ತಿದೆ ಎಂದರೆ 300 ಮಿಲಿಆಂಪಿಯರ್‌ಗಿಂತ ಹೆಚ್ಚು ಸೋರುತ್ತಿರಬೇಕೆಂಬುದು ನನ್ನ ಲೆಕ್ಕ. ಡಿಕ್ಕಿಯ ಒಂದು 5 ವ್ಯಾಟ್ ದೀಪ ಆರದೆ ಉಳಿದರೂ ಸಾಕು, ದಿನಕ್ಕೆ 10 ಎಎಚ್ ಹೋಗುತ್ತದೆ. ಮುಚ್ಚಿದ ಡಿಕ್ಕಿಯೊಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಫೋನನ್ನು ವಿಡಿಯೊ ರೆಕಾರ್ಡಿಂಗಿನಲ್ಲಿಟ್ಟು ಒಳಗಿಟ್ಟು ಮುಚ್ಚಿದರೆ ಸಾಕು.

ಅಳೆಯುವ ಕ್ರಮ ಹೀಗೆ. ಕೈಯ ಉಂಗುರ, ಕಡಗ ತೆಗೆದಿಡಿ. ಎಲ್ಲ ಸ್ವಿಚ್‌ಗಳನ್ನೂ ಆರಿಸಿ, ಕೀಲಿಯನ್ನು ಹೊರತೆಗೆಯಿರಿ. ಫ್ಯೂಸ್ ಪೆಟ್ಟಿಗೆ ಚಾಲಕನ ಕಾಲ ಬಳಿ ಇರುವುದಾದರೆ ಬಾಗಿಲು ತೆರೆದೇ ಇರಬೇಕಾಗುತ್ತದೆ. ಆಗ ಬಾಗಿಲಿನ ಚೌಕಟ್ಟಿನಲ್ಲಿರುವ ದೀಪದ ಗುಂಡಿಯನ್ನು ಟೇಪಿನಿಂದ ಒತ್ತಿ ಹಿಡಿಸಿ. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ರಂಧ್ರಕ್ಕೆ ಸಿಕ್ಕಿಸಿ. ಬ್ಯಾಟರಿಯ ನೆಗೆಟಿವ್ ಕೇಬಲನ್ನು ಬಿಚ್ಚಿ, ಆ ಕೇಬಲ್ ಮತ್ತು ನೆಗೆಟಿವ್ ಕಂಬದ ನಡುವೆ ಮೀಟರ್ ಬರುವಂತೆ ಹಿಡಿಯಿರಿ. ಈಗ ಕಾರು ಕುಡಿಯುವ ಒಂದೊಂದು ಹನಿಯೂ ಮೀಟರಿನ ಮೂಲಕವೇ ಹೋಗುತ್ತದೆ. ಆರಂಭದಲ್ಲಿ ಹೆಚ್ಚು ತೋರಿಸಿದರೂ ಅರ್ಧ ಗಂಟೆ ಕಾದು, ಇಳಿದು ನಿಂತ ಅಂಕಿಯನ್ನು ಬರೆದುಕೊಳ್ಳಿ. ಆಮೇಲೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಧಡಕ್ಕನೆ ಇಳಿಯುತ್ತದೆಯೋ ಆ ಸರ್ಕೀಟಿನಲ್ಲಿ ಕಳ್ಳನಿದ್ದಾನೆ.

ಎರಡು ಎಚ್ಚರಿಕೆ. ಮೀಟರ್ ಹೀಗೆ ಜೋಡಿಸಿರುವಾಗ ಯಾರೂ ಕೀಲಿ ತಿರುಗಿಸಬಾರದು. ಸೆಲ್ಫ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಒಂದು ಕ್ಷಣವೂ ತಾಳದು. ಎರಡನೆಯದು, ಕೆಲಸ ಮುಗಿದೊಡನೆ ಕೆಂಪು ತಂತಿಯನ್ನು ವೋಲ್ಟಿನ ರಂಧ್ರಕ್ಕೆ ಮರಳಿ ಹಾಕಿ. ಆಂಪಿಯರ್ ರಂಧ್ರದಲ್ಲೇ ಮರೆತು ಬ್ಯಾಟರಿಯ ಎರಡು ಕಂಬಗಳ ಮೇಲಿಟ್ಟರೆ ಅದು ನೇರ ಶಾರ್ಟ್. ನಾನು ಹೀಗೆ ಒಂದು ಮೀಟರನ್ನು ಕಳೆದುಕೊಂಡಿದ್ದೇನೆ; ಕೂದಲು ಸುಟ್ಟ ವಾಸನೆಗಿಂತ ಕೆಟ್ಟ ವಾಸನೆ ಅದು.

ವಾಸ್ಕೊ_ಕರಾವಳಿ

ಮೇಲಿನ ಮೇಡಂ ಹೇಳಿದ್ದೆಲ್ಲ ಸರಿ. ಆದರೆ ಮೀಟರ್ ಹಿಡಿಯುವ ಮುನ್ನ ಬಾನೆಟ್ ಎತ್ತಿ ಟರ್ಮಿನಲ್‌ಗಳನ್ನು ಕಣ್ಣಾರೆ ನೋಡಿ. ಗೋವೆಯಲ್ಲಿರಲಿ, ಮುಂಬಯಿಯಲ್ಲಿರಲಿ, ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿದರೆ ತಾಮ್ರ, ಸೀಸ, ಕಬ್ಬಿಣ ಯಾವುದೂ ಸುಮ್ಮನಿರುವುದಿಲ್ಲ. ನನ್ನ ಕಾರಿನಲ್ಲಿ ಇದೇ ‘ಟಕ್’ ಸದ್ದು ಬರುತ್ತಿತ್ತು. ಬ್ಯಾಟರಿ ಬದಲಿಸಿದೆ, ಸೆಲ್ಫ್ ಮೋಟಾರು ಬಿಚ್ಚಿಸಿದೆ, ಕೊನೆಗೆ ನೋಡಿದರೆ ಗೇರ್‌ಬಾಕ್ಸಿನಿಂದ ಕಾರಿನ ಲೋಹದ ಒಡಲಿಗೆ ಬರುವ ಅರ್ಥಿಂಗ್ ಪಟ್ಟಿಯ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಬೋಲ್ಟಿನಡಿ ತುಕ್ಕು ಕೂತು, ಪಟ್ಟಿ ಹೊರಗಿನಿಂದ ಗಟ್ಟಿಯಾಗಿ ಕಾಣುತ್ತಿದ್ದರೂ ಒಳಗೆ ಹಪ್ಪಳದಂತೆ ಪುಡಿಯಾಗಿತ್ತು.

ಇದನ್ನು ಪತ್ತೆಮಾಡುವುದು ಸುಲಭ. ಒಬ್ಬರು ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ದಾರಿಯಲ್ಲಿ ಅಡ್ಡಿಯಿದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೆಳೆದಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಂತೆ ನೋಡಿಕೊಳ್ಳಿ. ಒಣಗಿದ ಮೇಲೆ ಬಿಗಿದು, ಮೇಲಿನಿಂದ ವ್ಯಾಸಲೀನ್ ಸವರಿ.

ಮುಲುಂಡ್_ಪೂರ್ವ

ಇಬ್ಬರಿಗೂ ಕೃತಜ್ಞತೆಗಳು. ಶನಿವಾರ ಮಧ್ಯಾಹ್ನ ಮಳೆ ಬಿಟ್ಟ ಹೊತ್ತಿನಲ್ಲಿ ಕೂತು ಎಲ್ಲವನ್ನೂ ಮಾಡಿದೆ. ಮಾವನವರು ಛತ್ರಿ ಹಿಡಿದು ನಿಂತು ಅಂಕಿಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು.

ಚಾರ್ಜ್ ಮಾಡಿಸಿ ಒಂದು ರಾತ್ರಿ ಬಿಟ್ಟ ಬ್ಯಾಟರಿ 12.5 ತೋರಿಸಿತು. ಸೆಲ್ಫ್ ಹೊಡೆಯುವಾಗ 9.9ಕ್ಕೆ ಇಳಿಯಿತು. ಟರ್ಮಿನಲ್‌ಗಳು ಶುಭ್ರವಾಗಿವೆ. ಅರ್ಥಿಂಗ್ ಪರೀಕ್ಷೆಯಲ್ಲಿ 0.15 ವೋಲ್ಟ್ ಮಾತ್ರ ಬಂದಿತು, ಆದ್ದರಿಂದ ಆ ಕಡೆ ತೊಂದರೆ ಇಲ್ಲವೆಂದುಕೊಂಡಿದ್ದೇನೆ.

ಸೋರಿಕೆಯನ್ನು ಅಳೆಯಲು ಮೊದಲ ಸಲ ಜೋಡಿಸಿದಾಗ ಮೀಟರ್ 0.00 ತೋರಿಸಿತು. ಸಂತೋಷಪಟ್ಟೆ. ಆಮೇಲೆ ನೋಡಿದರೆ ಕೆಂಪು ತಂತಿ ವೋಲ್ಟಿನ ರಂಧ್ರದಲ್ಲೇ ಇತ್ತು. ಸರಿಪಡಿಸಿ ಅರ್ಧ ಗಂಟೆ ಕಾದ ಮೇಲೆ ಅಂಕಿ 0.37 ಆಂಪಿಯರ್‌ನಲ್ಲಿ ನಿಂತಿತು. ಮೇಡಂ ಅವರ ಅಂದಾಜು ಎಷ್ಟು ನಿಖರವೆಂದರೆ, ಮಾವನವರು ಜಾತಕವನ್ನೂ ಅವರಿಂದಲೇ ಬರೆಸೋಣ ಎನ್ನುತ್ತಿದ್ದಾರೆ.

ಒಳಗಿನ ಪೆಟ್ಟಿಗೆಯ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದೆ. ರೇಡಿಯೊ ಎಂದು ಬರೆದಿರುವ ಫ್ಯೂಸ್ ತೆಗೆದಾಗ 0.37 ಇದ್ದದ್ದು 0.28ಕ್ಕೆ ಇಳಿಯಿತು. ಗಡಿಯಾರ ಮತ್ತು ಒಳದೀಪದ ಫ್ಯೂಸ್ ತೆಗೆದಾಗ 0.26 ಆಯಿತು. ಅಲ್ಲಿಗೆ ನಿಂತಿತು. ಒಳಗಿನ ಎಲ್ಲ ಫ್ಯೂಸ್‌ಗಳನ್ನೂ, ಬಾನೆಟ್ಟಿನಡಿಯ ಪೆಟ್ಟಿಗೆಯಲ್ಲಿ ಕೈಯಿಂದ ತೆಗೆಯಬಹುದಾದ ಎಲ್ಲವನ್ನೂ ತೆಗೆದು ಮಾವನವರ ಅಂಗೈಯಲ್ಲಿ ಸಾಲಾಗಿ ಇಟ್ಟೆ; ಅಂಕಿ ಮಾತ್ರ 0.26ರಿಂದ ಕದಲಲಿಲ್ಲ. ಫ್ಯೂಸೇ ಇಲ್ಲದ ಮೇಲೆ ಕರೆಂಟು ಹೋಗುತ್ತಿರುವುದಾದರೂ ಎಲ್ಲಿಗೆ?

ರೇಡಿಯೊದ ಬಗ್ಗೆ ಒಂದು ಮಾತು. ಮೂರು ವರ್ಷದ ಹಿಂದೆ ಹೊರಗಿನ ಅಂಗಡಿಯಲ್ಲಿ ಹೊಸ ಸ್ಟಿರಿಯೊ ಹಾಕಿಸಿದ್ದೆ. ನಾನು ಮಾರುಕಟ್ಟೆಯಲ್ಲಿರುವಾಗ ಮಾವನವರು ಕಾರಿನಲ್ಲಿ ಕೂತು ಕೀಲಿ ಇಲ್ಲದೆಯೂ ದಾಸರ ಪದ ಕೇಳುವಂತಾಗಲಿ ಎಂದು ಹೇಳಿ ಹಾಗೆಯೇ ವೈರಿಂಗ್ ಮಾಡಿಸಿಕೊಂಡಿದ್ದೆ. ಅದನ್ನು ಗುಂಡಿ ಒತ್ತಿ ಆರಿಸಿಯೇ ಇಳಿಯುತ್ತೇವೆ.

ಡೊಂಬಿವಲಿ_ನಿವೃತ್ತ

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ ಡಿಪೋವೊಂದರ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಪ್ರಶ್ನೆ ಕೇಳಿದವರು ಶ್ರದ್ಧೆಯಿಂದ ಅಳೆದಿದ್ದಾರೆ, ಅದಕ್ಕಾಗಿಯೇ ಉತ್ತರಿಸಲು ಕೂತೆ.

ಎಲ್ಲ ಫ್ಯೂಸ್ ತೆಗೆದರೂ ಸೋರಿಕೆ ನಿಲ್ಲದಿದ್ದರೆ, ಆ ಫ್ಯೂಸ್‌ಗಳ ಹಂಗಿಲ್ಲದೆ ಬ್ಯಾಟರಿಗೆ ಅಂಟಿಕೊಂಡಿರುವ ಭಾಗ ಯಾವುದೆಂದು ಯೋಚಿಸಬೇಕು. ಅಂಥವು ಕಾರಿನಲ್ಲಿ ಎರಡೇ: ಸೆಲ್ಫ್ ಮೋಟಾರಿನ ದಪ್ಪ ಕೇಬಲ್ ಮತ್ತು ಡೈನಮೊದ ದಪ್ಪ ತಂತಿ. ಡೈನಮೊ ಎಂದು ಗ್ಯಾರೇಜಿನಲ್ಲಿ ಕರೆಯುವುದು ನಿಜವಾಗಿ ಆಲ್ಟರ್ನೇಟರ್. ಅದು ಹುಟ್ಟಿಸುವುದು ದಿಕ್ಕು ಬದಲಿಸುವ ಎಸಿ ಕರೆಂಟು. ಅದನ್ನು ಬ್ಯಾಟರಿ ಒಪ್ಪುವ ಡಿಸಿ ಮಾಡಿಕೊಡುವುದು ಅದರ ಹಿಂಬದಿಯ ಫಲಕದಲ್ಲಿ ಕೂರಿಸಿರುವ ಡಯೋಡ್‌ಗಳು. ಡಯೋಡ್ ಎಂದರೆ ಒಮ್ಮುಖ ಬಾಗಿಲು. ಆಲ್ಟರ್ನೇಟರಿನಿಂದ ಬ್ಯಾಟರಿಯತ್ತ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಆ ಬಾಗಿಲಿನ ಚಿಲಕ ಸಡಿಲವಾದರೆ ಹಗಲು ತುಂಬಿದ್ದೇ ದಾರಿಯಲ್ಲಿ ರಾತ್ರಿ ಹಿಂದಕ್ಕೆ ಹರಿದುಹೋಗುತ್ತದೆ. ಇಂಜಿನ್ ಓಡುವಾಗ ಉಳಿದ ಡಯೋಡ್‌ಗಳು ದುಡಿಯುವುದರಿಂದ ವೋಲ್ಟೇಜ್ 14.1 ತೋರಿಸಿಬಿಡುತ್ತದೆ. ‘ಚಾರ್ಜಿಂಗ್ ಸರಿಯಿದೆ’ ಎಂದ ನಿಮ್ಮ ಗ್ಯಾರೇಜಿನವರು ಸುಳ್ಳು ಹೇಳಲಿಲ್ಲ. ಅರ್ಧ ನೋಡಿ ಪೂರ್ತಿ ತೀರ್ಪು ಕೊಟ್ಟರು.

ನನಗೆ ನಿಜಕ್ಕೂ ಕಸಿವಿಸಿಯಾದದ್ದು ಬೇರೆ ವಿಷಯಕ್ಕೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಡೈನಮೊ ಪರೀಕ್ಷಿಸುವ ಪದ್ಧತಿ ಹಳೆಯ ಡಿಸಿ ಡೈನಮೊಗಳ ಕಾಲದ್ದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಬ್ಯಾಟರಿಯು ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಭಾರದ ಕಲ್ಲಿನಂತೆ ಕೆಲಸ ಮಾಡುತ್ತಿರುತ್ತದೆ. ಚಾರ್ಜ್ ಹರಿಯುತ್ತಿರುವಾಗಲೇ ಅದನ್ನು ಥಟ್ಟನೆ ಕಿತ್ತರೆ ವೋಲ್ಟೇಜ್ ಒಂದು ಕ್ಷಣ ಹಲವು ಪಟ್ಟು ಮೇಲೇರುತ್ತದೆ. ಆ ಒಂದು ಹೊಡೆತಕ್ಕೆ ಡಯೋಡ್, ರೆಗ್ಯುಲೇಟರ್, ಕೆಲವೊಮ್ಮೆ ಇಂಜಿನ್ ನಿಯಂತ್ರಿಸುವ ಇಸಿಯು ಸಹ ಬಲಿಯಾಗುತ್ತವೆ. ಅದಕ್ಕೂ ಮುಂಚೆ ನಿಮ್ಮ ಬ್ಯಾಟರಿ ನಾಲ್ಕು ವರ್ಷ ಬಾಳಿತ್ತು. ಅದಾದ ಮೇಲಿನವು ತಿಂಗಳುಗಳಲ್ಲಿ ಸಾಯುತ್ತಿವೆ. ಡಯೋಡ್ ಅಂದೇ ಕೆಟ್ಟಿತೆಂದು ಸಾಬೀತು ಮಾಡಲು ಬರುವುದಿಲ್ಲ, ಆದರೆ ನನ್ನ ಬೆರಳು ಆ ದಿನದ ಕಡೆಗೇ ಹೋಗುತ್ತದೆ.

ಖಚಿತಪಡಿಸಿಕೊಳ್ಳುವ ವಿಧಾನ ಹೇಳುತ್ತೇನೆ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಎಸಿ ವೋಲ್ಟ್ ಅಳೆದು, ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಡಯೋಡ್ ಕೆಟ್ಟಿದೆ ಎಂದು ಹೇಳುವ ಪರೀಕ್ಷೆಯೊಂದಿದೆ. ಆದರೆ ಅಗ್ಗದ ಮೀಟರ್‌ಗಳ ಎಸಿ ವಿಭಾಗ ಡಿಸಿ ಕಂಡರೆ ಗಲಿಬಿಲಿಗೊಂಡು ಮೂವತ್ತು ವೋಲ್ಟ್ ಎಂದೆಲ್ಲ ತೋರಿಸುವುದುಂಟು, ಆದ್ದರಿಂದ ಆ ಗೊಡವೆ ಬೇಡ. ನೇರವಾದ ಮಾರ್ಗವೇ ಉತ್ತಮ. ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಇದನ್ನು ಬಿಟ್ಟು ಮುಂದಿನ ಹೆಜ್ಜೆ ಇಡಬಾರದು, ಸ್ಪ್ಯಾನರ್ ಕಾರಿನ ಲೋಹದ ಒಡಲಿಗೆ ತಾಗಿದರೆ ವೆಲ್ಡಿಂಗ್ ಅಂಗಡಿಯಂತೆ ಕಿಡಿ ಹಾರುತ್ತದೆ. ಅನಂತರ ಆಲ್ಟರ್ನೇಟರಿನ ಹಿಂದೆ ರಬ್ಬರ್ ಟೊಪ್ಪಿಯಡಿ ನಟ್ಟಿನಿಂದ ಬಿಗಿದ ದಪ್ಪ ತಂತಿಯನ್ನು ಕಳಚಿ, ಅದರ ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಯಾವ ಲೋಹಕ್ಕೂ ತಾಗದಂತೆ ಕಟ್ಟಿಡಿ. ಈಗ ಮತ್ತೆ ಮೇಡಂ ಹೇಳಿದಂತೆ ನೆಗೆಟಿವ್ ಬದಿಯಲ್ಲಿ ಮೀಟರ್ ಜೋಡಿಸಿ ನೋಡಿ. 0.26 ಸೊನ್ನೆಯಾದರೆ ಕಳ್ಳ ಸಿಕ್ಕ. ರಾತ್ರಿಯೆಲ್ಲ ನಿಂತ ಕಾರಿನ ಆಲ್ಟರ್ನೇಟರನ್ನು ಬೆಳಿಗ್ಗೆ ಮುಟ್ಟಿದಾಗ ಅದೊಂದೇ ಉಗುರುಬೆಚ್ಚಗಿದ್ದರೆ ಅದೂ ಒಂದು ಕುರುಹು. ತಣ್ಣಗಿದ್ದ ಮಾತ್ರಕ್ಕೆ ನಿರ್ದೋಷಿ ಎನ್ನಲಾಗದು.

ಸ್ಟಿರಿಯೊ ವಿಚಾರ. ಅದಕ್ಕೆ ಎರಡು ವಿದ್ಯುತ್ ತಂತಿಗಳಿರುತ್ತವೆ. ಹಳದಿಯದು ನೆನಪು ಉಳಿಸಿಕೊಳ್ಳಲು, ಸದಾ ಬ್ಯಾಟರಿಗೆ ಸೇರಿರುತ್ತದೆ. ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ ಜೀವ ಪಡೆಯಬೇಕು. ನಿಮ್ಮ ಅಪೇಕ್ಷೆ ಪೂರೈಸಲು ಅಂಗಡಿಯವರು ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿರುತ್ತಾರೆ. ಗುಂಡಿ ಒತ್ತಿದಾಗ ಪರದೆ ಆರುತ್ತದೆಯೇ ಹೊರತು ಒಳಗಿನ ಯಂತ್ರ ಮಲಗುವುದಿಲ್ಲ. ಮೂರು ವರ್ಷ ಇದು ನಿಮಗೆ ಗೊತ್ತಾಗದೆ ಇದ್ದುದಕ್ಕೆ ಕಾರಣವೂ ಸ್ಪಷ್ಟವಾಗಿದೆ: 0.09 ಆಂಪಿಯರ್ ಎಂದರೆ ದಿನಕ್ಕೆ 2 ಎಎಚ್‌ಗೆ ತುಸು ಹೆಚ್ಚು, ವಾರಕ್ಕೊಮ್ಮೆ ಓಡಿಸುವವರಿಗೆ ಅದು ಕಾಣಿಸದು. ಆದರೆ ಈ ಮೂರು ವರ್ಷಗಳಲ್ಲಿ ಯಾವಾಗಲಾದರೂ ಎರಡು ವಾರ ಕಾರನ್ನು ನಿಲ್ಲಿಸಿ ಊರಿಗೆ ಹೋಗಿದ್ದರೆ, ಬಂದ ಮೇಲೆ ಅದು ಸ್ಟಾರ್ಟ್ ಆಗಲು ತಕರಾರು ಮಾಡಿದ ನೆನಪಿದೆಯೇ?

ಠಾಣೆ_ಪ್ರಯಾಣಿಕ

ಇಷ್ಟೆಲ್ಲ ತಲೆನೋವು ಏಕೆ? ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಕೂರಿಸುವ ತಿರುಪಿನ ಕಟ್-ಆಫ್ ಸ್ವಿಚ್ ದೊರೆಯುತ್ತದೆ. ನಿಲ್ಲಿಸಿದಾಗ ತಿರುಗಿಸಿ ಇಳಿದರೆ ಆಯಿತು, ಸೋರುವ ಪ್ರಶ್ನೆಯೇ ಬರುವುದಿಲ್ಲ. ನಾನು ಎರಡು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇನೆ.

ಡೊಂಬಿವಲಿ_ನಿವೃತ್ತ

ತಿಂಗಳುಗಟ್ಟಲೆ ಕಾರು ನಿಲ್ಲಿಸಿ ಊರಿಗೆ ಹೋಗುವವರು ನೆಗೆಟಿವ್ ಕೇಬಲ್ ಕಳಚಿ ಹೋಗುವುದು ಅಥವಾ ಅಂಥ ಸ್ವಿಚ್ ಬಳಸುವುದು ಸರಿಯಾದ ಅಭ್ಯಾಸವೇ. ಆದರೆ ಇವರ ಕಾರಿನಲ್ಲಿ ಸೋರುತ್ತಿರುವುದು ಆಲ್ಟರ್ನೇಟರಿನ ಡಯೋಡ್ ಆಗಿದ್ದರೆ, ಇಂದು ಸೋರುವ ಡಯೋಡ್ ನಾಳೆ ಪೂರ್ತಿ ಶಾರ್ಟ್ ಆಗಬಹುದು. ಆಗ ಸ್ವಿಚ್ ಹಾಕಿಕೊಂಡು ಓಡಿಸುತ್ತಿರುವಾಗಲೇ, ಕಶೇಡಿ ಘಾಟಿಯಲ್ಲೋ ಇನ್ನೆಲ್ಲೋ, ಚಾರ್ಜಿಂಗ್ ನಿಂತು ಸುರಿಯುವ ಮಳೆಯಲ್ಲಿ ವೈಪರೂ ಇಲ್ಲದೆ ಕೂರಬೇಕಾದೀತು. ದೋಷ ಎಲ್ಲಿದೆಯೆಂದು ಬಹುಮಟ್ಟಿಗೆ ಗೊತ್ತಾದ ಮೇಲೆ ಅದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಮುಲುಂಡ್_ಪೂರ್ವ

ಫಲಿತಾಂಶ ತಿಳಿಸುವುದು ಹತ್ತು ದಿನ ತಡವಾಯಿತು, ಮನ್ನಿಸಿ.

ಹಿರಿಯರು ಹೇಳಿದಂತೆಯೇ ಆಯಿತು. ಆಲ್ಟರ್ನೇಟರಿನ ದಪ್ಪ ತಂತಿಯನ್ನು ಕಳಚಿದೊಡನೆ, ಉಳಿದ ಫ್ಯೂಸ್‌ಗಳೆಲ್ಲ ಹೊರಗಿದ್ದಾಗ, ಮೀಟರ್ 0.00ಕ್ಕೆ ಬಂದು ನಿಂತಿತು. ಈ ಸಲ ಕೆಂಪು ತಂತಿ ಸರಿಯಾದ ರಂಧ್ರದಲ್ಲಿದೆಯೇ ಎಂದು ಮೂರು ಬಾರಿ ನೋಡಿದೆ. ಫ್ಯೂಸ್‌ಗಳನ್ನು ಮರಳಿ ಹಾಕಿದಾಗ 0.11, ಸ್ಟಿರಿಯೊದ ಫ್ಯೂಸ್ ಒಂದನ್ನು ಬಿಟ್ಟರೆ 0.02. ಬೆಳಿಗ್ಗೆ ಎದ್ದು ಆಲ್ಟರ್ನೇಟರನ್ನು ಮುಟ್ಟಿಯೂ ನೋಡಿದೆ. ಬೆಚ್ಚಗಿತ್ತೋ, ಬೆಚ್ಚಗಿರಲಿ ಎಂದು ನನ್ನ ಕೈ ಬಯಸಿತೋ ಹೇಳಲಾರೆ.

ಆಲ್ಟರ್ನೇಟರನ್ನು ಬಿಚ್ಚಿಸಿಕೊಂಡು ಕುರ್ಲಾದ ಸಿಎಸ್‌ಟಿ ರಸ್ತೆಯ ಕಡೆ ಇಂಥದ್ದನ್ನೇ ಮಾಡುವ ಕೆಲಸಗಾರರೊಬ್ಬರ ಬಳಿ ಒಯ್ದೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಡಯೋಡ್ ಫಲಕವನ್ನು ಬೇರ್ಪಡಿಸಿ, ಒಂದೊಂದು ಡಯೋಡನ್ನೂ ಎರಡೂ ದಿಕ್ಕಿನಲ್ಲಿ ಮೀಟರಿನಿಂದ ಪರೀಕ್ಷಿಸಿ ತೋರಿಸಿದರು. ಎರಡು ಡಯೋಡ್‌ಗಳು ಎರಡೂ ಕಡೆಗೂ ದಾರಿ ಬಿಡುತ್ತಿದ್ದವು. ಫಲಕವನ್ನೇ ಬದಲಿಸಿ, ಬ್ರಷ್‌ಗಳು ಸವೆದಿದ್ದರಿಂದ ಅವನ್ನೂ ಹಾಕಿಕೊಟ್ಟರು. ಒಟ್ಟು ಖರ್ಚು ಒಂದು ಹೊಸ ಬ್ಯಾಟರಿಯ ಬೆಲೆಯ ಅರ್ಧಕ್ಕಿಂತ ಕಡಿಮೆ.

ಊರಿನ ವಿಷಯದಲ್ಲಿಯೂ ಹಿರಿಯರು ಕೇಳಿದ್ದು ನಿಜ. ಎರಡು ವರ್ಷದ ಹಿಂದೆ ಒಂದು ಮದುವೆಗೆಂದು ರೈಲಿನಲ್ಲಿ ಹೋಗಿ ಹದಿನೆಂಟು ದಿನ ಬಿಟ್ಟು ಬಂದಾಗ ಕಾರನ್ನು ತಳ್ಳಬೇಕಾಗಿತ್ತು. ಬ್ಯಾಟರಿಗೆ ವಯಸ್ಸಾಯಿತೆಂದು ಅಂದು ಸುಮ್ಮನಾಗಿದ್ದೆವು.

ಸ್ಟಿರಿಯೊದ ಕೆಂಪು ತಂತಿಯನ್ನು ಹಳದಿಯಿಂದ ಬಿಡಿಸಿ ಕೀಲಿಯ ಮೊದಲ ಹಂತಕ್ಕೆ ಸೇರಿಸಿದ್ದೇವೆ. ಈಗ ದಾಸರ ಪದ ಬೇಕೆಂದರೆ ಕೀಲಿಯನ್ನು ಮಾವನವರ ಕೈಗೇ ಕೊಟ್ಟು ಹೋಗಬೇಕು. ಕೊಟ್ಟರೆ ಕೀಲಿಯನ್ನು ಎರಡನೆಯ ಹಂತಕ್ಕೆ ತಿರುಗಿಸಿ ಎಸಿಯ ಫ್ಯಾನನ್ನೂ ಹಾಕಿಕೊಳ್ಳುತ್ತಾರೆ, ಅದು ಬೇರೆ ಮಾತು.

ಒಂದು ಸಂದೇಹ ಉಳಿದಿದೆ. ದುರಸ್ತಿಯಾದ ಮೇಲೆ ಕಾರನ್ನು ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಮುಟ್ಟದೆ ಬಿಟ್ಟೆ. ಒಂದೇ ಹೊಡೆತಕ್ಕೆ ಸ್ಟಾರ್ಟ್ ಆಯಿತು. ಆದರೆ ಸ್ಟಾರ್ಟ್ ಮಾಡುವ ಮುನ್ನ ಅಳೆದಾಗ ಬ್ಯಾಟರಿ 12.3 ಮಾತ್ರ ತೋರಿಸಿತು. ಇದು ಹೀಗೆಯೇ ಇರುತ್ತದೆಯೇ?

ಕೊತ್ರೂಡ್_ತರಂಗ

ಅಭಿನಂದನೆಗಳು. ಬ್ಯಾಟರಿ ಪದೇ ಪದೇ ಪೂರ್ತಿ ಬರಿದಾಗಿ ದಿನಗಟ್ಟಲೆ ಹಾಗೆಯೇ ಕೂತಾಗ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ನಿಮ್ಮ ಬ್ಯಾಟರಿಯ ಮೇಲೆ 35 ಎಂದು ಬರೆದಿದ್ದರೂ ಈಗ ಅದರಲ್ಲಿ ಅಷ್ಟು ಹಿಡಿಯುವುದಿಲ್ಲ. 0.02 ಆಂಪಿಯರ್‌ನಂತೆ ವಾರಕ್ಕೆ 3.4 ಎಎಚ್ ಮಾತ್ರ ಹೋಗುವುದರಿಂದ ನಿಮ್ಮ ಓಡಾಟಕ್ಕೆ ಸದ್ಯ ತೊಂದರೆಯಾಗಲಾರದು. ತಿಂಗಳಿಗೊಮ್ಮೆ ಚಾರ್ಜರಿಗೆ ಹಾಕಿ ಒಂದು ರಾತ್ರಿ ಪೂರ್ತಿ ತುಂಬಿಸುತ್ತ ಬನ್ನಿ. ಮುಚ್ಚಳ ತೆರೆಯುವ ಮಾದರಿಯಾಗಿದ್ದರೆ ನೀರಿನ ಮಟ್ಟ ನೋಡಿ; ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಹಾಕಬೇಡಿ. ಸೆಲ್ಫ್ ಹೊಡೆಯುವಾಗಿನ ಅಂಕಿಯನ್ನು ಆ ಹಾಲಿನ ಪುಸ್ತಕದಲ್ಲೇ ತಿಂಗಳಿಗೊಮ್ಮೆ ಬರೆದಿಡಿ. 9.9 ಇದ್ದದ್ದು 9.6ರ ಕೆಳಗೆ ಇಳಿದ ತಿಂಗಳು ಹೊಸ ಬ್ಯಾಟರಿ ಕೊಳ್ಳಿ, ಅಲ್ಲಿಯವರೆಗೆ ಬೇಡ.